ಬುಧವಾರ ರಾತ್ರಿಯ ಜ್ಞಾನದಾಹ

ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಾರವಿಡೀ ನಡೆಯದಷ್ಟು ವಿದ್ಯಾಭ್ಯಾಸ ಬುಧವಾರ ರಾತ್ರಿ ಹನ್ನೊಂದರ ನಂತರ ನಡೆಯುತ್ತದೆ. ಐಐಟಿಗಳ ಆನ್‌ಲೈನ್ ಕೋರ್ಸುಗಳಾದ ಎನ್‌ಪಿಟೆಲ್‌ನ ಅಸೈನ್‌ಮೆಂಟಿನ ಗಡುವು 11:59ಕ್ಕೆ. ಹಾಸ್ಟೆಲಿನ ವೈಫೈ ಏದುಸಿರು ಬಿಡುವುದೂ ಆಗಲೇ. ಉತ್ತರಗಳು ಟೆಲಿಗ್ರಾಮಿನಲ್ಲಿ ಧಾರಾಳವಾಗಿ ಹರಿದು ಬರುತ್ತವೆ. ಬೇರೆ ಯಾವುದರಲ್ಲೂ ಒಮ್ಮತವಿಲ್ಲದ ನಮ್ಮ ಆರನೇ ಸೆಮಿಸ್ಟರಿನವರು ಮೂರನೇ ಪ್ರಶ್ನೆಗೆ ಮಾತ್ರ ಒಗ್ಗಟ್ಟಾಗಿ ಒಂದೇ ತಪ್ಪು ಉತ್ತರ ಕೊಟ್ಟಿರುತ್ತಾರೆ.

ನಾನು ಮೆಂಟರ್. ಅಂದರೆ, ಯಾರು ಸಬ್‌ಮಿಟ್ ಮಾಡಿಲ್ಲವೆಂದು ನೋಡಿ ವಾಟ್ಸಾಪಿನಲ್ಲಿ ಗೋಗರೆಯುವವನು. ಪಾಠ ಮಾಡುವವರು ಖರಗ್‌ಪುರದಲ್ಲೋ ಮದ್ರಾಸಿನಲ್ಲೋ ಹಾಯಾಗಿದ್ದಾರೆ; ಗೋಗರೆಯುವ ಕೆಲಸ ಮಾತ್ರ ಸ್ಥಳೀಯರಿಗೆ.

ಸೇರಲು ಕಾಸು ಬೇಕಿಲ್ಲ, ಹಾಗಾಗಿ ಎಲ್ಲರೂ ಸೇರುತ್ತಾರೆ. ಬಿಡಲೂ ಕಾಸು ಬೇಕಿಲ್ಲವಲ್ಲ! ನಮ್ಮ ಹುಡುಗರನ್ನಷ್ಟೇ ಬೈದು ಪ್ರಯೋಜನವಿಲ್ಲ. 2011ರಲ್ಲಿ ಸ್ಟ್ಯಾನ್‌ಫರ್ಡಿನಿಂದ ಸೆಬಾಸ್ಟಿಯನ್ ಥ್ರುನ್ ಮತ್ತು ಪೀಟರ್ ನಾರ್ವಿಗ್ ಕೃತಕ ಬುದ್ಧಿಮತ್ತೆಯ ಪಾಠವನ್ನು ಜಗತ್ತಿಗೆಲ್ಲ ಪುಕ್ಕಟೆ ತೆರೆದಾಗ ಹೆಸರು ಕೊಟ್ಟವರು ಸುಮಾರು 1,60,000 ಮಂದಿ. ದಡ ಮುಟ್ಟಿದವರು 23,000ದ ಆಸುಪಾಸು. ಆದರೆ ಎನ್‌ಪಿಟೆಲಿನಲ್ಲಿ ಪರೀಕ್ಷೆಗೆ ಮಾತ್ರ 1,000 ರೂಪಾಯಿ ಕಟ್ಟಬೇಕು. ಅಪ್ಪನ ದುಡ್ಡು ಹೋದ ಮೇಲೆ ಲೆಕ್ಕಾಚಾರ ಶುರು: ಪರೀಕ್ಷೆಗೆ 75, ಅಸೈನ್‌ಮೆಂಟಿಗೆ 25, ಅದರಲ್ಲೂ ಹನ್ನೆರಡು ವಾರದ ಕೋರ್ಸಿನಲ್ಲಿ ಚೆನ್ನಾಗಿ ಬಂದ 8 ಮಾತ್ರ ಲೆಕ್ಕಕ್ಕೆ. "ಹಾಗಾದ್ರೆ ನಾಲ್ಕು ವಾರ ರಜಾ ಅಲ್ವಾ ಸರ್?"

ವಿಡಿಯೋ ನೋಡುವವರೂ ಇದ್ದಾರೆ. ಎರಡು ಪಟ್ಟು ವೇಗದಲ್ಲಿ! ಜೀವಮಾನವಿಡೀ ನಿಧಾನಕ್ಕೆ ಮಾತಾಡಿದ ಪ್ರೊಫೆಸರರು ಅಲ್ಲಿ ಹರಾಜು ಕೂಗಿದಂತೆ ಫೂರಿಯರ್ ಸರಣಿ ಹೇಳುತ್ತಾರೆ, ಚಾಕ್‌ಪೀಸು ತಾನೇ ಓಡುತ್ತದೆ. ಅದನ್ನು ಕೇಳಿ ಬಂದವನಿಗೆ ನನ್ನ ಕ್ಲಾಸಿನಲ್ಲಿ ಆಕಳಿಕೆ. ನನ್ನ ಮೈಮೇಲೆ ವೇಗದ ಬಟನ್ ಎಲ್ಲಿದೆಯೆಂದು ಹುಡುಕುವವನ ಹಾಗೆ ನೋಡುತ್ತಾನೆ.

ಆದರೆ ಮುಂದಿನ ಬೆಂಚಿನ ಹಿರೇಕೆರೂರಿನ ಹುಡುಗಿಯ ವಿಷಯ ಬೇರೆ. ಲೈಬ್ರರಿಯ ಮೂಲೆಯಲ್ಲಿ ಕೂತು ಕಂಟ್ರೋಲ್ ಸಿಸ್ಟಮ್ಸಿನ ಒಂದೇ ತುಣುಕನ್ನು ಹಿಂದೆ ಎಳೆದು ಎಳೆದು ನೋಡುತ್ತಾಳೆ, ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಗ್ರಾಫ್ ಬರೆಯುತ್ತಾಳೆ. ಐಐಟಿ ಮೇಷ್ಟ್ರು ಅಷ್ಟು ಚೆನ್ನಾಗಿ ಹೇಳ್ತಾರೇನಮ್ಮ ಎಂದು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಕೇಳಿದೆ. "ಹಂಗೇನಿಲ್ರಿ ಸರ್. ಎಷ್ಟ್ ಸಲ ಕೇಳಿದ್ರೂ ಅವ್ರು ಬೈಯಂಗಿಲ್ಲ." ಕ್ರೆಡಿಟ್ಟಿನ ಆಸೆಯೂ ಇಲ್ಲದಿಲ್ಲ: ಯುಜಿಸಿ 2021ರಲ್ಲಿ, ಎನ್‌ಪಿಟೆಲ್ ಕೋರ್ಸುಗಳೂ ಸಿಗುವ ‘ಸ್ವಯಂ’ ಪೋರ್ಟಲಿನ ಕೋರ್ಸುಗಳಿಗೆ ಶೇ. 40ರವರೆಗೆ ಕ್ರೆಡಿಟ್ ಕೊಡಬಹುದೆಂದಿತು. ನಮ್ಮ ವಿಶ್ವವಿದ್ಯಾಲಯವಾದ ವಿಟಿಯುವಿನಲ್ಲಿ ಆನರ್ಸ್ ಡಿಗ್ರಿಗೂ ಇಂಥ ಕೋರ್ಸುಗಳೇ ದಾರಿ. ಅದೆಲ್ಲ ಸರ್ಟಿಫಿಕೇಟಿನ ಮಾತಾಯಿತು. ಈ ಕೋರ್ಸುಗಳನ್ನು ಓದುವವರು ಯಾಕೆ ಓದುತ್ತಾರೆ ಎಂಬುದಕ್ಕೆ ನನಗಂತೂ ಆ ಹುಡುಗಿ ಕೊಟ್ಟ ಕಾರಣದಲ್ಲೇ ಹೆಚ್ಚು ನಂಬಿಕೆ. ಬೈಯುವ ವಿಷಯದಲ್ಲಿ ನಮ್ಮ ಸ್ಟಾಫ್ ರೂಮಿನ ಸಾಧನೆ ಕಡಿಮೆಯದಲ್ಲ.

ಈ ಸೆಮಿಸ್ಟರಿನಲ್ಲಿ ಪ್ರಿನ್ಸಿಪಾಲರು ನಮ್ಮನ್ನೂ ಬಿಡಲಿಲ್ಲ. ಹನ್ನೆರಡು ವಾರದ ಕೋರ್ಸು ಮುಗಿಸಿದರೆ ಒಂದೂವರೆ ಎಫ್‌ಡಿಪಿಗೆ, ಅಂದರೆ ಬೋಧಕರ ತರಬೇತಿಗೆ, ಸಮವಂತೆ, ಹೆಸರು ಕೊಟ್ಟೆವು. ಮೊದಲ ಬುಧವಾರ ರಾತ್ರಿ ಹನ್ನೊಂದೂವರೆಗೆ ಸ್ಟಾಫ್ ಗ್ರೂಪಿನಲ್ಲಿ ನಮ್ಮ ಹೆಚ್‌ಓಡಿಯವರ ಮೆಸೇಜು ಬಂತು: "ಮೂರನೇದು ಬಿ ನಾ, ಸಿ ನಾ?"