ಅಪ್ಪ ಅಮೀನರಾದದ್ದು

ಲಾಯರಿಲ್ಲದ ಕೋರ್ಟೂ ಒಂದು ಕೋರ್ಟೇ ಎಂದು ಗುರುಪುರದಲ್ಲಿ ಹೊಗೆಸೊಪ್ಪು ಬೆಳೆದ ನಮ್ಮಪ್ಪನನ್ನು ಒಪ್ಪಿಸುವುದು ಸುಲಭವಲ್ಲ. ಕ್ಯಾಲಿಫೋರ್ನಿಯಾದ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ಯಾರ ಪರವಾಗಿಯೂ ಲಾಯರು ವಾದಿಸುವಂತಿಲ್ಲ, ನಾವೇ ಮಾತಾಡಬೇಕು ಎಂದೆ. "ನೀನಾ? ಹೆಂಡ್ತಿ ಮುಂದೆನೇ ಮಾತಾಡಾಕಿಲ್ಲ" ಎಂದರು.

ವ್ಯಾಜ್ಯ 2,400 ಡಾಲರಿನದು. ಬಾಡಿಗೆ ಮನೆಯ ಅಡ್ವಾನ್ಸು. ಖಾಲಿ ಮಾಡಿದ 21 ದಿನದೊಳಗೆ ಮಾಲೀಕರು ಹಣ ಮರಳಿಸಬೇಕು, ಹಿಡಿದುಕೊಂಡರೆ ಯಾತಕ್ಕೆ ಎಷ್ಟು ಎಂದು ಪಟ್ಟಿ ಕೊಡಬೇಕು. ನಮಗೆ ಬಂದ ಪಟ್ಟಿಯಲ್ಲಿ ಒಂದೇ ಸಾಲು: ಕಾರ್ಪೆಟ್ ಮೇಲೆ ಅರಿಶಿನದ ಕಲೆ. ಹಳದಿ ಕಂಡ ಕೂಡಲೇ ಅರಿಶಿನ ಎಂದು ಗುರುತಿಸಿದ ಮಾಲೀಕರು ಕನ್ನಡದವರಲ್ಲದೆ ಇನ್ಯಾರು! ಯುಗಾದಿಯಲ್ಲಿ ಪಕ್ಕದ ಎಲೆಯಲ್ಲಿ ಕೂತು ಒಬ್ಬಟ್ಟು ತಿಂದವರು. "ನಮ್ಮವರ ಮೇಲೇ ಕೇಸಾ?" ಎಂದು ಪರಿಚಯದವರೆಲ್ಲ ಬೇಸರಪಟ್ಟರು. ನಮ್ಮವರ ದುಡ್ಡೇ ಹಿಡಿದುಕೊಂಡಾಗ ಈ ಬೇಸರ ಎಲ್ಲಿ ಅಡಗಿತ್ತೋ.

ಎಸ್‌ಸಿ-100 ಎಂಬ ಫಾರಂ ತುಂಬಿದೆವು. 2024ರಿಂದ ಒಬ್ಬ ವ್ಯಕ್ತಿ ಅಲ್ಲಿ 12,500 ಡಾಲರ್‌ವರೆಗೆ ಕೇಳಬಹುದು. ನಮ್ಮ ಮೊತ್ತಕ್ಕೆ ಶುಲ್ಕ 50 ಡಾಲರ್. ಕೇಸಿಗೆ ಮುಂಚೆ ಹಣ ಕೇಳಿದ್ದೀರಾ ಎಂದು ಫಾರಂ ವಿಚಾರಿಸುತ್ತದೆ. "ಒಬ್ಬಟ್ಟಿನ ಊಟದಲ್ಲಿ ಕೇಳಿದ್ದು ಲೆಕ್ಕಕ್ಕೆ ಬರತ್ತೇನ್ರೀ?" ಎಂದಳು ಹೆಂಡತಿ. ಬರುತ್ತದೆ. ಬಾಯಲ್ಲಿ ಕೇಳಿದರೂ ಸಾಕು.

ತೊಡಕಾದದ್ದು ನೋಟೀಸಿನಲ್ಲಿ. ಅದನ್ನು ಪ್ರತಿವಾದಿಯ ಕೈಗೆ ಕೊಡುವವರು 18 ತುಂಬಿದವರಾಗಿರಬೇಕು, ಕೇಸಿನಲ್ಲಿ ವಾದಿಯಾಗಿರಬಾರದು. ವಾದಿಗಳು ನಾವಿಬ್ಬರೂ. ಮಗನಿಗೆ ಎಂಟು ವರ್ಷ. ಮನೆಯಲ್ಲಿ ಉಳಿದವರು ಅಪ್ಪ.

"ನನ್ನ ಅಮೀನನ್ನ ಮಾಡ್ತೀಯೇನ್ಲಾ? ನಮ್ ಬದುವಿನ ದಾವೇಲಿ ಕೋರ್ಟ್ ನೋಟೀಸ್ ತಕಂಡು ಅಮೀನ ಬತ್ತಾನೆ ಅಂದ್ರೆ ನಿಮ್ಮಜ್ಜ ಹೊಲಕ್ಕೆ ಓಡ್ತಿದ್ರು" ಎಂದವರು, ಮರುದಿನ ಬೆಳಗ್ಗೆ ಪಂಚೆ ಉಟ್ಟು, ಶಲ್ಯ ಹೊದ್ದು ತಯಾರು. ನಾನು ಕಾರಿನಲ್ಲೇ ಕೂತೆ. ಐದು ನಿಮಿಷದ ಕೆಲಸ. ಮುಕ್ಕಾಲು ಗಂಟೆಯಾದರೂ ಆಸಾಮಿಯ ಸುಳಿವಿಲ್ಲ. ಕೊನೆಗೆ ಬಂದರು, ಕೈಯಲ್ಲಿ ಚಕ್ಕುಲಿಯ ಡಬ್ಬಿ.

"ಆ ವಮ್ಮನ ತವರು ಪಿರಿಯಾಪಟ್ಣ ಕಣ್ಲಾ! ಅವರಪ್ಪನೂ ಹೊಗೆಸೊಪ್ಪು ಹದ ಮಾಡೋ ಬ್ಯಾರನ್ ಮಡಗಿದ್ದೋರೇ. ಕಟ್ಟೆಮಳಲವಾಡಿ ಹರಾಜಲ್ಲಿ ನೋಡಿರ್ಬೋದು. ಕಾಫಿ ಕೊಟ್ರು. ಬೆಲೆ ಬಿದ್ದೋಗಿದ್ದು, ತಂಬಾಕು ಬೋರ್ಡ್‌ನೋರು ಗ್ರೇಡ್ ಇಳಿಸಿದ್ದು, ಎಲ್ಲಾ ಮಾತಾಡುದ್ವಿ."

"ನೋಟೀಸು?"

"ಎದ್ದು ಬರ್ಬೇಕಾರೆ ಕೊಟ್ಟೆ. ಕಾಫಿ ಮುಂಚೆ ಕೊಟ್ಟಿದ್ರೆ ಚಕ್ಕುಲಿ ಸಿಕ್ತಿತ್ತಾ?"

ನೋಟೀಸು ಕೊಟ್ಟದ್ದಕ್ಕೆ ಸಾಕ್ಷಿಯಾಗಿ ಅವರು ದಿನಾಂಕ, ಹೊತ್ತು, ವಿಳಾಸ ಬರೆದು, ಸುಳ್ಳು ಹೇಳಿದರೆ ಶಿಕ್ಷೆಯುಂಟೆಂಬ ಮಾತಿನ ಕೆಳಗೆ ಸಹಿ ಹಾಕಬೇಕಿತ್ತು. ಹೊತ್ತು ಯಾವುದು, ಒಳಗೆ ಹೋದದ್ದೋ ಹೊರಗೆ ಬಂದದ್ದೋ ಎಂದು ಅಪ್ಪ ಸತ್ಯಹರಿಶ್ಚಂದ್ರನಾಗಿ ಅರ್ಧ ದಿನ ಪೆನ್ನು ಹಿಡಿದು ಕೂತಿದ್ದರು.

ವಿಚಾರಣೆಯ ಹಿಂದಿನ ರಾತ್ರಿ ವಾದದ ತಾಲೀಮು. ನಮ್ಮೂರ ಟಿಬೆಟನ್ ಕ್ಯಾಂಪಿನ ಗ್ಯುಮೆ ಮಠದ ಲಾಮಾಗಳು ಶಾಸ್ತ್ರಚರ್ಚೆ ಮಾಡುವಾಗ ಪ್ರಶ್ನೆ ಕೇಳುವವರು ನಿಂತು, ಕಾಲು ಅಪ್ಪಳಿಸಿ, ಪಟ್ಟನೆ ಚಪ್ಪಾಳೆ ತಟ್ಟುತ್ತಾರೆ. ಉತ್ತರಿಸುವವರು ನೆಲದ ಮೇಲೆ ಕೂತಿರುತ್ತಾರೆ. "ಹಂಗೆ ಹೊಡ್ದು ಕೇಳು, ಜಡ್ಜು ನೆಟ್ಟಗಾಯ್ತಾನೆ" ಎಂದರು ಅಪ್ಪ. ಚಪ್ಪಾಳೆಗೆ ಮಗ ತಯಾರಿದ್ದ, ಶಾಲೆಗೆ ಕಳಿಸಿದೆವು.

ಕೋರ್ಟಿನಲ್ಲಿ ಚಪ್ಪಾಳೆಗೆ ಬಿಡುವೇ ಸಿಗಲಿಲ್ಲ. ಕಾರ್ಪೆಟ್ಟು ಎಷ್ಟು ವರ್ಷದ್ದು ಎಂದರು ಜಡ್ಜು. ಮಾಲೀಕರು "ಹತ್ತಾಗಿರಬಹುದು" ಎಂದರು. ಹಳೆಯದಕ್ಕೆ ಹೊಸದರ ಬೆಲೆ ಹಿಡಿಯುವಂತಿಲ್ಲವಲ್ಲ, ತೀರ್ಪು ನಮ್ಮ ಕಡೆಗಾಯಿತು. ಆದರೆ ಅಲ್ಲಿನ ಕೋರ್ಟು ತೀರ್ಪು ಕೊಡುತ್ತದೆಯೇ ಹೊರತು ತಾನಾಗಿ ಹಣ ವಸೂಲು ಮಾಡಿಕೊಡುವುದಿಲ್ಲ. ಮೇಲ್ಮನವಿಗೆ ಪ್ರತಿವಾದಿಗೆ 30 ದಿನವಿದೆ, ಕೇಸು ಹಾಕಿದವರಿಗೆ ಆ ಹಕ್ಕೇ ಇಲ್ಲ. "ವಸೂಲಿಗೂ ನಾನೇ ಹೋಯ್ತೀನಿ ಬುಡು" ಎಂದು ಅಪ್ಪ ಶಲ್ಯ ಕೊಡವಿದರು.

ಅಲ್ಲಿ ಮನೆ ಬಾಡಿಗೆಗೆ ಹಿಡಿಯುವವರು ಒಳಗೆ ಕಾಲಿಟ್ಟ ದಿನವೇ ಕಾರ್ಪೆಟ್ಟಿನ ಫೋಟೋ ತೆಗೆದಿಟ್ಟುಕೊಳ್ಳಿ. ಒಗ್ಗರಣೆ ಆಮೇಲೆ.