ಮಾದಪ್ಪನ ಹಾಡಿಗೂ ಗೇಟು ಹಾಕಿದವರಿಗೆ

ಮೊಬೈಲಿನಲ್ಲಿ ಹಾಡು ಕೇಳಿಸುವ ಆ್ಯಪ್ ಕಂಪನಿಯ ಮಹನೀಯರೇ,

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನಿಂದ ಒಬ್ಬ ಟೀ ಅಂಗಡಿಯವನ ನಮಸ್ಕಾರ. ನೀವು ಕ್ಷೇಮವಾಗಿದ್ದೀರಿ ಎಂಬುದು ಮೇಲಿಂದ ಮೇಲೆ ಬರುವ ಅಪ್‌ಡೇಟ್‌ಗಳಿಂದಲೇ ತಿಳಿಯುತ್ತಿದೆ. ಪ್ರತಿ ಸಲವೂ 'ಕೆಲವು ದೋಷಗಳನ್ನು ಸರಿಪಡಿಸಲಾಗಿದೆ' ಎನ್ನುತ್ತೀರಿ. ಯಾವ ದೋಷ, ಮಾಡಿದವರು ಯಾರು ಎಂದು ಮಾತ್ರ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ದೊಡ್ಡ ಮನಸ್ಸು.

ಮೊನ್ನೆ ಸಂಜೆ ಅಂಗಡಿಯಲ್ಲಿ, ಮೆಮೊರಿ ಕಾರ್ಡಿನಲ್ಲಿದ್ದ ಮಾದಪ್ಪನ ಪದ ಹಾಕಿದ್ದೆ. ಕಂಸಾಳೆ ಏರುವ ಹೊತ್ತಿಗೆ ಸರಿಯಾಗಿ ನಿಮ್ಮ ಅಪ್‌ಡೇಟ್ ಬಂತು. ಹಾಡು ನಿಂತಿತು, ಪರದೆ ಮೇಲೆ ಚಕ್ರ ತಿರುಗತೊಡಗಿತು. ಒತ್ತಿದರೂ ಇಲ್ಲ, ಉಜ್ಜಿದರೂ ಇಲ್ಲ. ಕೊನೆಗೆ 'ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ; ಮುಚ್ಚಲೋ, ಕಾಯುವಿರೋ' ಎಂದು ಫೋನೇ ನನ್ನನ್ನು ಕೇಳಿತು. ಟೀ ಕುಡಿಯುತ್ತಿದ್ದ ಲಾರಿ ಡ್ರೈವರು, "ಅಲ್ಲ ಕನಣ್ಣೋ, ಕಾರ್ಡಲ್ಲಿರೋ ಮಾದಪ್ಪನ್ಗೂ ಸಿಗ್ನಲ್ ಬೇಕಾ?" ಅಂದ.

ಇದೇ ಪ್ರಶ್ನೆಯನ್ನು ನಿಮಗೂ ದಾಟಿಸುತ್ತಿದ್ದೇನೆ.

ಮೊಬೈಲ್ ರಿಪೇರಿ ಹುಡುಗನ ಹತ್ತಿರ ಕೂತು ವಿಷಯ ತಿಳಿದುಕೊಂಡೆ. ಹೊಸ ಆವೃತ್ತಿ ಹಾಕುವಾಗ ಆಂಡ್ರಾಯ್ಡ್ ಓಡುತ್ತಿರುವ ಹಳೆಯದನ್ನು ನಿಲ್ಲಿಸಿಬಿಡುತ್ತದಂತೆ. ಅದರ ಕಾನೂನು ಅದು, ತಕರಾರಿಲ್ಲ. ಆದರೆ 2023ರಲ್ಲಿ ಬಂದ ಆಂಡ್ರಾಯ್ಡ್ 14ರಲ್ಲಿ, ಆ್ಯಪ್ ಬಳಕೆಯಲ್ಲಿದ್ದರೆ ಬಿಡುವಾಗುವವರೆಗೆ ಅಪ್‌ಡೇಟನ್ನು ತಡೆದಿಡುವ ಸೌಕರ್ಯವನ್ನೂ ಕೊಟ್ಟಿದ್ದಾರಂತಲ್ಲ? ಇನ್ನು ನಿಮ್ಮ ಹೊಸ ಆವೃತ್ತಿ ಎದ್ದ ಕೂಡಲೇ ಮಾಡುವ ಕೆಲಸ ನೋಡಿ. ಇದ್ದಬದ್ದ ಹಾಡನ್ನೆಲ್ಲ ಮತ್ತೆ ಎಣಿಸುತ್ತದೆ, ನಾನು ಯಾರೆಂದು ನಿಮ್ಮ ಸರ್ವರನ್ನು ಕೇಳುತ್ತದೆ, ಜಾಹೀರಾತು ತರಲು ಹೋಗುತ್ತದೆ. ಬೆರಳಿನ ಮಾತು ಕೇಳಬೇಕಾದವನನ್ನೇ ಈ ಎಲ್ಲ ಚಾಕರಿಗೂ ಹಚ್ಚಿದರೆ ಅವನು ತಿರುಗಿ ನೋಡುವುದು ಯಾವಾಗ? ಮುಟ್ಟಿದ 5 ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಆಂಡ್ರಾಯ್ಡ್ 'ಪ್ರತಿಕ್ರಿಯಿಸುತ್ತಿಲ್ಲ' ಎಂಬ ಬೋರ್ಡು ತಗುಲಿಸುತ್ತದೆ. ಸರ್ವರು, ಜಾಹೀರಾತು ಎಂದರೆ ನೆಟ್ ಬೇಕು; ಈ ಕಾಡಂಚಿನಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಅದೇ ನಮಗೆ ಜಾತ್ರೆ.

ನಿಮ್ಮ ಸಹಾಯವಾಣಿಯೂ ಉಪಕಾರ ಮಾಡಿತು. ಫೋನ್ ಆಫ್ ಮಾಡಿ ಆನ್ ಮಾಡಿ ಅಂದರು, ಮಾಡಿದೆ. ಕ್ಯಾಶೆ ಅಳಿಸಿ ಅಂದರು, ಅಳಿಸಿದೆ, ಅದರಿಂದ ನಷ್ಟವಿಲ್ಲ. ಆಮೇಲೆ ಡೇಟಾ ಅಳಿಸಿ ಅಂದರು. ಹಾಗೆ ಮಾಡಿದರೆ ಮಾದಪ್ಪ, ಮಂಟೇಸ್ವಾಮಿ ಎಂದು ಜೋಡಿಸಿಟ್ಟ ಪಟ್ಟಿಯೆಲ್ಲ ನೀರು ಪಾಲು ಎಂಬುದನ್ನು ಹೇಳಿದವನು ರಿಪೇರಿ ಹುಡುಗ. ದಾರಿ ತೋರಿಸಿದವನೂ ಅವನೇ: ಹೆಪ್ಪುಗಟ್ಟಿದಾಗ ಸೆಟ್ಟಿಂಗ್ಸ್‌ಗೆ ಹೋಗಿ ಫೋರ್ಸ್ ಸ್ಟಾಪ್, ಪ್ಲೇ ಸ್ಟೋರ್‌ನಲ್ಲಿ ಆಟೋ ಅಪ್‌ಡೇಟ್ ಬಂದ್, ಫೋನಿನಲ್ಲಿ ಒಂದಿಷ್ಟು ಜಾಗ ಖಾಲಿ. ಸಂಬಳ ಮಾತ್ರ ನಿಮಗೆ.

ನಮ್ಮಲ್ಲೂ ಒಂದು ಗೇಟಿದೆ ಸ್ವಾಮಿ. ಬಂಡೀಪುರದ ಕಾಡು ಹಾದು ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. 2009ರಲ್ಲಿ ಶುರುವಾದದ್ದನ್ನು ಮರುವರ್ಷ ಹೈಕೋರ್ಟೂ ಎತ್ತಿಹಿಡಿಯಿತು. ಬೈಯುವವರು ಈಗಲೂ ಬೈಯುತ್ತಾರೆ. ಆದರೆ ಬೈಯುವವನಿಗೂ ಹೊತ್ತು ಗೊತ್ತು. ಟೊಮೆಟೊ ಲೋಡಿನವನು ಗಡಿಯಾರ ನೋಡಿಕೊಂಡೇ ಗುಂಡ್ಲುಪೇಟೆ ಬಿಡುತ್ತಾನೆ. ಆಂಬುಲೆನ್ಸ್ ಬಿಡುತ್ತಾರೆ, ಎರಡೂ ರಾಜ್ಯದ ಕೆಲವು ಬಸ್ಸು ಬಿಡುತ್ತಾರೆ. ನಡುಗಾಡಿನಲ್ಲಿ ಬಾನೆಟ್ಟಿನ ಮೇಲೆ ಗೇಟು ಬೀಳಿಸಿ 'ಮುಚ್ಚಲೋ, ಕಾಯುವಿರೋ' ಎಂದು ಯಾರೂ ಕೇಳಿಲ್ಲ. ಅಷ್ಟೇಕೆ, ಆನೆ ರಸ್ತೆಗೆ ಬಂದರೂ ದಾಟಿ ಮುಗಿಸುತ್ತದೆ. ನಿಮ್ಮ ಅಪ್‌ಡೇಟು 98 ಪರ್ಸೆಂಟಿಗೆ ಬಂದು ನಿಂತರೆ ನಿಂತಿತು.

ಆಗದ ಮಾತೇನೂ ಕೇಳುತ್ತಿಲ್ಲ. 1996ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಶುರುಮಾಡಿದ ವಿಎಲ್‌ಸಿ ಪ್ಲೇಯರ್ ಇವತ್ತಿಗೂ ಜಾಹೀರಾತಿಲ್ಲದೆ, ಲಾಗಿನ್ ಕೇಳದೆ ಹಾಡುತ್ತದೆ. ಹಾಡು ಮುಗಿಯುವವರೆಗೆ ಕಾಯಿರಿ. ಕಾರ್ಡಿನಲ್ಲಿರುವ ಹಾಡಿಗೆ ನೆಟ್ ಕೇಳಬೇಡಿ. ಸರಿಪಡಿಸಿದ ದೋಷದ ಹೆಸರು ಹೇಳಿ.

ಅನುಮಾನವಿದ್ದರೆ ಖುದ್ದು ಬನ್ನಿ. ರಾತ್ರಿ ಒಂಬತ್ತು ದಾಟಿಸಿಕೊಂಡು ಬಂದರೆ ಆರರವರೆಗೆ ಇಲ್ಲೇ ಕೂರಬೇಕಾಗುತ್ತದೆ. ಟೀ ನನ್ನ ಲೆಕ್ಕ. ಹಾಡು ಮಾತ್ರ ನಿಮ್ಮ ಪ್ಲೇಯರಿನಲ್ಲೇ.

ಇತಿ,
'ಕಾಯುವಿರೋ' ಎಂಬುದನ್ನೇ ಒತ್ತುತ್ತ ಬಂದ ಗ್ರಾಹಕ