ಕಾಲಂ 12ಕ್ಕೆ ಬಾರದ ಚಿಗರಿ

ಮಿರಗದ ಮಳೆಗೆ ಬಿತ್ತಿದ ಹೆಸರು, ತೊಗರಿ, ಹತ್ತಿ ಎರಡೆಲೆ ಬಿಡುವ ಹೊತ್ತಿಗೆ ಕೆಂಭಾವಿಯಿಂದ ಕೊಪ್ಪಳ, ಗದಗದವರೆಗಿನ ಎರಿಸೀಮೆಯಲ್ಲಿ ಏನು ನಡೆಯುತ್ತದೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಹಿಂಡು ಬರುತ್ತದೆ, ಪಟಾಕಿ ಸಿಡಿಯುತ್ತದೆ, ಹಿಂಡು ಪಕ್ಕದ ಹೊಲಕ್ಕೆ ಹಾರುತ್ತದೆ, ತಹಶೀಲ್ದಾರರಿಗೆ ಮನವಿ ಸಲ್ಲುತ್ತದೆ, ಮನವಿ ಕೊಟ್ಟವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಆ ಫೋಟೊದಲ್ಲಿ ಆರೋಪಿಯೊಬ್ಬನನ್ನು ಬಿಟ್ಟು ಊರೇ ಇರುತ್ತದೆ. ಆರೋಪಿಯ ಹೇಳಿಕೆ ಪಡೆಯದೆ ತೀರ್ಪು ಕೊಡುವುದು ನ್ಯಾಯವಲ್ಲವಾದ್ದರಿಂದ ಕೆಂಭಾವಿ ಹೋಬಳಿಯ ಒಂದು ತೊಗರಿ ಹೊಲದ ಬದುವಿನಲ್ಲಿ ಕರಿಬೆನ್ನಿನ, ತಿರುಚು ಕೊಂಬಿನ ಹಿರಿಯ ಚಿಗರಿಯೊಂದನ್ನು ಮಾತಿಗೆ ಎಳೆಯಲಾಯಿತು. ಅದು ಮೇಯುತ್ತಲೇ ಉತ್ತರಿಸಿದೆ.

ಪ್ರಶ್ನೆ: ನೀವು ಈಗ ನಿಂತಿರುವ ಹೊಲಕ್ಕೆ ಲಾವಣಿ ಕಟ್ಟಿದ್ದೀರಾ?

ಚಿಗರಿ: ಅದಿರಲಿ ಸಾಹೇಬ್ರ, ಮೊದಲ ನಂದೊಂದು ಮಾತು ಬರಕೋರಿ. 2022ರ ಸೆಪ್ಟೆಂಬರ್ 17ಕ್ಕ ನಮೀಬಿಯಾದಿಂದ ಎಂಟು ಚೀತಾ ವಿಮಾನದಾಗ ಬಂದ್ವು. ಪ್ರಧಾನಮಂತ್ರಿಗಳೇ ಕುನೋಕ್ಕ ಹೋಗಿ ಬೋನಿನ ಬಾಗಿಲಾ ತೆಗದ್ರು. ನಾವು ಈ ದೇಶದಾಗೇ ಹುಟ್ಟಿ, ಈ ದೇಶದಾಗೇ ಓಡಿ, ಇಲ್ಲೇ ಸಾಯೋರು. ನಮಗ ಏನ್ ಬಂತು? ಪಟಾಕಿ. ರಾಜರ ಕಾಲದಾಗ ಇದೇ ಚೀತಾಕ್ಕ ಕಣ್ಣಿಗಿ ಟೊಪ್ಪಿಗಿ ಹಾಕಿ, ಬಂಡಿಯಾಗ ಕೂಡಿಸಿ ನಮ್ಮ ಮ್ಯಾಲ ಬಿಡ್ತಿದ್ರು. ನಾವು ಇಷ್ಟು ಜೋರ್ ಓಡೂದು ಕಲತದ್ದೇ ಅದರ ಸಲುವಾಗಿ. ಅದು ಓಟದಾಗೂ ಸೋತು, ಬದುಕೂದ್ರಾಗೂ ಸೋತು, 1952ಕ್ಕ ದೇಶದಾಗ ಇಲ್ಲ ಅಂತ ಸರ್ಕಾರನೇ ಸಾರಿತ್ತು. ಸೋತವರಿಗಿ ವಿಮಾನ, ಗೆದ್ದವರಿಗಿ ಕವಣಿ ಕಲ್ಲು. ಇದು ಯಾವ ಊರ ನ್ಯಾಯರೀ?

ಪ್ರಶ್ನೆ: ಚೀತಾದ ಮಾತು ನೀವೇ ತೆಗೆದದ್ದು ಒಳ್ಳೆಯದಾಯಿತು. ಅದು ಹೊರಟು ಬಂದ ದೇಶದ ಕಾನೂನನ್ನು ನೋಡೋಣ. ನಮೀಬಿಯಾ 1996ರಲ್ಲಿ ಕಾನೂನು ತಿದ್ದಿ, ಹಳ್ಳಿಯ ಜನ ಕೂಟ ಕಟ್ಟಿಕೊಂಡು ತಮ್ಮ ನೆಲದ ಕಾಡುಪ್ರಾಣಿಗಳಿಂದ ಬರುವ ಆದಾಯ ಪಡೆಯಲು ದಾರಿ ಮಾಡಿತು. ನಾವು ಚೀತಾವನ್ನು ತಂದೆವು, ಕಾನೂನನ್ನು ಅಲ್ಲೇ ಬಿಟ್ಟುಬಂದೆವು. ಅಮೆರಿಕದ ಟೆಕ್ಸಾಸ್‌ನಲ್ಲಿ ಬಹುಪಾಲು ನೆಲ ಖಾಸಗಿಯವರದು. ಅಲ್ಲಿಯೂ ಕಾಡಿನ ಜಿಂಕೆ ಸಾರ್ವಜನಿಕರ ಸ್ವತ್ತೇ. ಆದರೆ ಹೊಲದೊಳಗೆ ಯಾರನ್ನು ಬಿಡಬೇಕು ಎನ್ನುವ ಹಕ್ಕು ಒಡೆಯನದು. ಅವನು ಜಿಂಕೆಯನ್ನು ಮಾರುವುದಿಲ್ಲ, ಆ ಪ್ರವೇಶವನ್ನು ಬೇಟೆಗಾರರಿಗೆ ಹಂಗಾಮಿನ ಲೆಕ್ಕದಲ್ಲಿ ಲಾವಣಿಗೆ ಕೊಡುತ್ತಾನೆ. ಎಕರೆಗೆ ಇಷ್ಟು ಅಥವಾ ಬಂದೂಕಿಗೆ ಇಷ್ಟು ಎಂದು ದರ ಕುದುರುತ್ತದೆ. ನೀರಿದೆಯೇ, ಪೊದೆಯಿದೆಯೇ, ನಗರ ಎಷ್ಟು ದೂರ, ತಂಗಲು ಕೋಣೆಯಿದೆಯೇ, ಒಬ್ಬರಿಗೇ ಕೊಡುವುದೋ ಹಲವರಿಗೋ ಎಂಬುದೆಲ್ಲ ಆ ದರದೊಳಗೆ ಸೇರುತ್ತದೆ. ಕರಾರು ಬರಹದಲ್ಲಿರುತ್ತದೆ, ಹಣ ಹಂಗಾಮಿಗೆ ಮೊದಲೇ ಕೈಸೇರುವುದುಂಟು. ಹೀಗಾಗಿ ಹಿಂಡು ಹೆಚ್ಚಿದರೆ ರೈತನಿಗೆ ಅದು ಕಾಟವಷ್ಟೇ ಅಲ್ಲ, ಗಿರಾಕಿಯೂ ಹೌದು. ನಮ್ಮಲ್ಲಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ನಿಮ್ಮ ಹೆಸರಿದೆ. ನಿಮ್ಮನ್ನು ಹೊಡೆದವನಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ಸತ್ತು ಬಿದ್ದ ನಿಮ್ಮ ದೇಹ 39ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರದ ಆಸ್ತಿ. ಅಂದರೆ ನೀವು ಬದುಕಿರುವಷ್ಟು ದಿನ ತಿಂದದ್ದು ರೈತನ ಖರ್ಚು, ಸತ್ತ ಗಳಿಗೆಯಿಂದ ಕೊಂಬು, ಚರ್ಮ, ಗೊರಸು ಸರ್ಕಾರದ ಜಮೆ. ಸತ್ತ ಪ್ರಾಣಿಗೆ ಒಡೆಯನಾಗಲು ಇಷ್ಟು ಆತುರಪಡುವ ಸರ್ಕಾರ, ಬದುಕಿರುವ ಪ್ರಾಣಿಯ ಮೇವಿನ ಬಾಬತ್ತು ಬಂದಾಗ ಹೊಲದ ಬದು ದಾಟುವುದಿಲ್ಲ. ಚಿಗರಿಯನ್ನು ಉಳಿಸಬೇಕೆಂದು ದೇಶ ತೀರ್ಮಾನಿಸಿದೆ, ಸರಿಯಾಗಿಯೇ ತೀರ್ಮಾನಿಸಿದೆ. ಆದರೆ ಉಳಿಸುವ ಜಾಗ ಖಾಸಗಿ ಹೊಲವಾದರೆ ಆ ಹೊಲವನ್ನು ದೇಶ ಲಾವಣಿಗೆ ಹಿಡಿದಂತಾಯಿತಲ್ಲ. ಲಾವಣಿ ಎಲ್ಲಿ?

ಚಿಗರಿ: ಬಂದೂಕಿಗೆ ಇಷ್ಟು ಅಂತ ದರ ಅಂದ್ರಲ್ಲ, ಅದರಾಗ ನಮ್ಮ ಪಾಲು ಎಷ್ಟು ಇರ್ತದರೀ? ಇರಲಿ. ಆ ಕುನೋದಾಗ ಚೀತಾಕ್ಕ ಒಂದು ಸಲ ಉಣ್ಣಾಕ ಏನ್ ಕೊಡ್ತಾರ, ನಿಮಗ ಗೊತ್ತದನ?

ಪ್ರಶ್ನೆ: ಅದಕ್ಕೆ ಆಮೇಲೆ ಬರೋಣ. ಇಲ್ಲಿ ಕೆಲವರು ಕೇಳುತ್ತಾರೆ, ಟೆಕ್ಸಾಸ್‌ನಂತೆ ನಮ್ಮಲ್ಲೂ ಬೇಟೆಯ ಪರವಾನಗಿ ಕೊಟ್ಟು ರೈತರಿಗೆ ಹಣ ಬರುವಂತೆ ಮಾಡಬಾರದೇಕೆ ಎಂದು. ಬೇಡ ನಾಯಕರು ಆಳಿದ ಸುರಪುರ ಸಂಸ್ಥಾನದ ನೆಲದಲ್ಲಿ ಈ ಪ್ರಶ್ನೆಗೆ ಚಪ್ಪಾಳೆ ಬೇಗ ಸಿಗುತ್ತದೆ. ಬಿಹಾರ 2015ರ ಕೊನೆಯಲ್ಲಿ ನೀಲಗಾಯಿಯನ್ನು ಉಪದ್ರವಕಾರಿ ಎಂದು ಕೇಂದ್ರ ಸರ್ಕಾರದಿಂದ ಘೋಷಣೆ ಮಾಡಿಸಿಕೊಂಡ ಉದಾಹರಣೆಯೂ ಕೈಗೆ ಸಿಗುತ್ತದೆ. ಆದರೆ ನೀಲಗಾಯಿ ಆಗ ಮೊದಲ ಅನುಸೂಚಿಯಲ್ಲಿರಲಿಲ್ಲ. ಅಲ್ಲಿರುವ ಪ್ರಾಣಿಯನ್ನು ಬೇಟೆಯಾಡಲು ಮುಖ್ಯ ವನ್ಯಜೀವಿ ಪಾಲಕರು ಅನುಮತಿ ಕೊಡುವುದು ಅದು ಮನುಷ್ಯರ ಜೀವಕ್ಕೆ ಅಪಾಯವಾದಾಗ ಅಥವಾ ವಾಸಿಯಾಗದ ರೋಗಕ್ಕೆ, ಗಾಯಕ್ಕೆ ಈಡಾದಾಗ ಮಾತ್ರ. ಬೆಳೆ ತಿಂದಿತು ಎಂಬುದು 11ನೇ ಕಲಮಿನಲ್ಲಿ ಅದರ ಮಟ್ಟಿಗೆ ಕಾರಣವೇ ಅಲ್ಲ. ಕಾನೂನನ್ನು ಬದಿಗಿಟ್ಟರೂ ಬೇಟೆಯ ಲಾವಣಿಯ ಹಣ ಯಾರಿಗೆ ಹೋಗುತ್ತದೆ? ಪಹಣಿಯ ಕಾಲಂ 9ರಲ್ಲಿ ಹೆಸರಿದ್ದವನಿಗೆ. ಆ ಹೆಸರಿನವನು ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ಇರಬಹುದು. ಹೊಲದಲ್ಲಿರುವವನು ಯುಗಾದಿಗೆ ಮಾತಿನ ಮೇಲೆ ಲಾವಣಿ ಹಿಡಿದವನು. ಸಾಗುವಳಿದಾರನ ಹೆಸರು ಬರೆಯಲೆಂದೇ ಪಹಣಿಯಲ್ಲಿ ಕಾಲಂ 12 ಇದೆ. ಅಲ್ಲಿಯೂ ಅವನ ಹೆಸರಿಲ್ಲ. ಯಾಕೆಂದರೆ—

ಚಿಗರಿ: ಬಂತಪ್ಪ ಪಹಣಿ. ನಾಯಿ ಸುದ್ದಿ ಕೇಳ್ರಿ, ಕರೆಂಟ್ ತಂತಿ ಸುದ್ದಿ ಕೇಳ್ರಿ, ಬಾಯಿ ತೆರದ ಬಾವಿ ಸುದ್ದಿ ಕೇಳ್ರಿ. ಇವರು ಪಹಣಿ ಕೇಳ್ತಾರ.

ಪ್ರಶ್ನೆ: ನಾಯಿಗಳ ಬಗ್ಗೆ ಹೇಳಿ ಹಾಗಾದರೆ.

ಚಿಗರಿ: ನಾಯಿ ಇರ್ತಾವ, ಬಿಡ್ರಿ. ಆ ಚೀತಾಕ್ಕ ಕೊಳ್ಳಾಗ ರೇಡಿಯೋ ಕಟ್ಟ್ಯಾರಂತ. ಎಲ್ಲಿ ಮಲಗ್ತು, ಎಲ್ಲಿ ಎದ್ದಿತು ಅಂತ ಕಾಯಾಕ ಮಂದಿ ಅದಾರಂತ. ನಮ್ಮ ಮರಿ ಎಲ್ಲಿ ಹೋಯ್ತು ಅಂತ ಕೇಳೋರು ಯಾರು?

ಪ್ರಶ್ನೆ: ಪಹಣಿಗೆ ಬರುತ್ತೇನೆ, ಕ್ಷಮಿಸಿ. ಕರ್ನಾಟಕ ಭೂಸುಧಾರಣಾ ಕಾಯ್ದೆ 1961ರದು. ಅದರ ದೊಡ್ಡ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿದ ಕಾನೂನು ಅದು. ಫಾರಂ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತ ಲಕ್ಷಾಂತರ ಗೇಣಿದಾರರ ಬದುಕು ಬದಲಾಯಿತು. ಅದೇ ವರ್ಷ ನಿಮ್ಮ ಕುಲಕ್ಕೂ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಸಿಕ್ಕಿತು, ಅದರೊಳಗೆ ಹುಲ್ಲಿರಬೇಕಾದ ಕಡೆ ನೀಲಗಿರಿ ಬೆಳೆದದ್ದು ಬೇರೆ ಮಾತು. ಆದರೆ ಆ ತಿದ್ದುಪಡಿ ಮುಂದೆ ಯಾರೂ ಗೇಣಿಗೆ ಕೊಡಬಾರದು ಎಂದೂ ಹೇಳಿತು. ಸೈನಿಕರು, ನಾವಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಗೇಣಿ ನಿಂತಿತೇ? ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಂದಮೇಲೆ ಸುರಪುರ, ಶಹಾಪುರ ಸೀಮೆಯಲ್ಲಿ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು, ಭತ್ತ ಬಂತು, ಲಾವಣಿ ಏರಿತು. ಇಡೀ ವ್ಯವಹಾರ ನಡೆಯುವುದು ಬಾಯಿಮಾತಿನಲ್ಲಿ, ಕಾನೂನಿನ ಕಣ್ಣು ತಪ್ಪಿಸಿ. 2020ರಲ್ಲಿ ಸರ್ಕಾರ ಇದೇ ಕಾಯ್ದೆಯನ್ನು ಮತ್ತೆ ತಿದ್ದಿತು. ಕೃಷಿಕನಲ್ಲದವನೂ ಹೊಲ ಕೊಳ್ಳಬಹುದು ಎಂದು ಬಾಗಿಲು ತೆರೆಯಿತು, ಉಳುವವನು ತನ್ನ ಲಾವಣಿಯನ್ನು ಕಾಗದದ ಮೇಲೆ ತೋರಿಸುವ ಬಾಗಿಲನ್ನು ಹಾಕಿಯೇ ಇಟ್ಟಿತು.

ಇದರ ಫಲ ನೋಡಿ. ಬೀಜ ಅವನದು, ಗೊಬ್ಬರ ಅವನದು, ಸಾಲ ಅವನದು, ಲಾವಣಿ ಮುಂಗಡ ಕೊಟ್ಟವನು ಅವನು. ಮೊಳಕೆ ನೀವು ತಿಂದಿರಿ. ಪರಿಹಾರದ ಅರ್ಜಿಗೆ ಪಹಣಿ ಬೇಕು, ಪಹಣಿಯಲ್ಲಿ ಬೇರೊಬ್ಬನ ಹೆಸರು. ಅದೇ ಹೊಲದ ಸುತ್ತ ಕಂಗಾಲಾದವನೊಬ್ಬ ಕರೆಂಟ್ ತಂತಿ ಬಿಟ್ಟರೆ, ನೀವೋ ಬದುವಿನ ಮೇಲೆ ನಡೆದುಹೋಗುವ ಯಾವಳೋ ಕೂಲಿ ಹೆಣ್ಣುಮಗಳೋ ಸತ್ತರೆ, ಆಗ ಪೊಲೀಸರು ಕಾಲಂ 9 ನೋಡುತ್ತಾ ಕೂರುವುದಿಲ್ಲ. ನೇರವಾಗಿ ಉಳುವವನ ಮನೆಗೆ ಬರುತ್ತಾರೆ. ತಂತಿ ಬಿಟ್ಟದ್ದು ಅಪರಾಧವೇ, ಅದಕ್ಕೆ ಸಮರ್ಥನೆ ಇಲ್ಲ. ಆದರೆ ಬಿತ್ತುವಾಗ, ಸಾಲ ಕೇಳುವಾಗ, ಬೆಳೆ ಹೋದಾಗ ಕಣ್ಣಿಗೆ ಬೀಳದ ಮನುಷ್ಯ ಕೈಗೆ ಬೇಡಿ ಹಾಕುವಾಗ ಮಾತ್ರ ಸ್ಪಷ್ಟವಾಗಿ ಕಾಣುವುದಾದರೆ, ಆ ಕುರುಡಿಗೆ ಆಡಳಿತ ಎಂದು ಹೆಸರಿಡಬಾರದು. ಅದು ಕಳ್ಳತನ. ಅವನ ಬೆವರನ್ನು ಒಬ್ಬರ ಖಾತೆಗೆ, ಅವನ ತಪ್ಪನ್ನು ಅವನ ಖಾತೆಗೆ ಬರೆದಿಡುವ ಕಳ್ಳತನ. ಕೆಂಭಾವಿ ಭೋಗಣ್ಣ ಊರು ಬಿಟ್ಟಾಗ ಊರಿನ ಲಿಂಗಗಳೆಲ್ಲ ಅವನ ಹಿಂದೆ ಹೊರಟವೆಂದು ಪುರಾಣ ಹೇಳುತ್ತದೆ. ಬೆಳೆ ಕಳೆದುಕೊಂಡ ಲಾವಣಿದಾರ ಬೆಂಗಳೂರಿಗೋ ಪುಣೆಗೋ ಗುಳೆ ಹೊರಟರೆ ಅವನ ಹಿಂದೆ ಹೊರಡುವುದು ಬಡ್ಡಿಯೊಂದೇ.

ಚಿಗರಿ: ...ತೊಗರಿ ಈ ಸಲ ಸ್ವಲ್ಪ ಕಹಿ ಅದ. ನಿಲ್ಲಸ್ತೀನಿ ಬಿಡ್ರಿ, ಇದು ಯಾರ ಹೊಲಾ ಅಂತ ನನಗೇನ್ ಗೊತ್ತಿರ್ತದ. ನಮಗ ಅಡವಿಗಿ ಹೋಗ್ರಿ ಅಂತಾರ. ನಾವು ಅಡವಿ ಮಂದಿ ಅಲ್ಲರೀ, ಬಯಲ ಮಂದಿ. ನಮ್ಮದು ಗಾಯರಾಣ, ಹುಲ್ಲಿನ ಬೀಳು. ಅದನ್ನ ಪಾಳು ಭೂಮಿ ಅಂತ ಬರದು ಹಂಚಿದ್ರಿ, ಉತ್ತಿದ್ರಿ, ಗಿಡ ಹಚ್ಚಿದ್ರಿ. ಆಮ್ಯಾಲ ಆ ಚೀತಾಕ್ಕ ಹುಲ್ಲುಗಾವಲ ಬೇಕು ಅಂತ—

ಪ್ರಶ್ನೆ: ಅಲ್ಲಿಗೇ ನಿಲ್ಲಿಸಿ, ದರದ ಮಾತಿಗೆ ಬರೋಣ. ಬೆಳೆನಷ್ಟಕ್ಕೆ ಪರಿಹಾರ ಎನ್ನುವ ದಾರಿಯೇ ಅಡ್ಡದಾರಿ. ಪರಿಹಾರವೆಂದರೆ ನಷ್ಟ ಆದಮೇಲೆ ರೈತ ಅದನ್ನು ರುಜುವಾತು ಮಾಡಬೇಕು, ಪಂಚನಾಮೆಗೆ ಕಾಯಬೇಕು. ನೀವು ತಿನ್ನುವುದು ಎರಡೆಲೆಯ ಮೊಳಕೆ, ತೂಕಕ್ಕೆ ಹಾಕಿದರೆ ಹಿಡಿ ಸೊಪ್ಪು. ಆದರೆ ಹದ ತಪ್ಪಿದ ಮೇಲೆ ಮತ್ತೆ ಬಿತ್ತಲು ಬರದು, ಹೋದದ್ದು ಇಡೀ ಹಂಗಾಮು. ಪಂಚನಾಮೆ ಮಾಡುವವರು ಬರುವ ಹೊತ್ತಿಗೆ ತಿಂದ ಜಾಗದಲ್ಲಿ ಕಸ ಎದ್ದಿರುತ್ತದೆ. ಲಾವಣಿಯಾದರೆ ಹಣ ಮೊದಲೇ ಬರಬೇಕು. ದರ ಕಟ್ಟುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಪಾವಗಡದ ಸೌರ ಪಾರ್ಕಿಗೆ ರೈತರ ಸುಮಾರು 13,000 ಎಕರೆಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಸುವ ಕರಾರಿನ ಮೇಲೆ ಹಿಡಿಯಲಾಯಿತು. ಬಿಸಿಲು ಕಾಯಿಸಲು ಲಾವಣಿ ಕಟ್ಟಬಹುದಾದರೆ ಚಿಗರಿ ಮೇಯಿಸಲು ಯಾಕೆ ಆಗದು? ನಿಮ್ಮದು ಇಡೀ ಹೊಲವನ್ನು ಹಿಡಿಯುವ ಸೌರ ಫಲಕದಂತಲ್ಲ, ಅಷ್ಟು ದರವೂ ಬೇಕಿಲ್ಲ. ಆಯಾ ಊರಿನ ಒಣಬೇಸಾಯದ ಲಾವಣಿಯನ್ನೇ ಅಳತೆಗೋಲಾಗಿ ಹಿಡಿದು, ಹಿಂಡು ತಿರುಗುವ ಊರುಗಳಲ್ಲಿ ಅದರ ಒಂದು ಪಾಲನ್ನು ಬಿತ್ತನೆಗೆ ಮೊದಲೇ ಕೊಡುವುದು. ಬದುವಿಗೆ ಹತ್ತಿಕೊಂಡು ಹುಲ್ಲಿನ ಪಟ್ಟಿ ಬಿಟ್ಟವನಿಗೆ ಆ ಪಟ್ಟಿಯ ಪೂರ್ತಿ ಲಾವಣಿ. ಕಾಲುವೆ ನೀರಿನ ಭತ್ತದ ಹೊಲಕ್ಕೂ ಮಡ್ಡಿ ಹೊಲಕ್ಕೂ ಒಂದೇ ದರ ಇಡಬಾರದು.

ಚಿಗರಿ ಇಲ್ಲದಲ್ಲೂ ಚಿಗರಿ ತೋರಿಸಿ ಹಣ ಎತ್ತುತ್ತಾರೆ ಎನ್ನುವವರಿದ್ದಾರೆ. ಎತ್ತಬಹುದು. ಅದಕ್ಕೇ ತಲೆ ಎಣಿಸಿ ಕೊಡುವ ಬದಲು ನೆಲ ಅಳೆದು ಕೊಡಬೇಕು. ಹುಲ್ಲಿನ ಪಟ್ಟಿ ರಾತ್ರೋರಾತ್ರಿ ಓಡಿಹೋಗುವುದಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಹೊಲಕ್ಕೆ ಸರ್ಕಾರದ ಹಣ ಬರುತ್ತದೆಂದರೆ ಒಡೆಯ ಲಾವಣಿದಾರನನ್ನು ಎಬ್ಬಿಸಿ ತಾನೇ ಎಣಿಸಿಕೊಳ್ಳುತ್ತಾನೆ. ಪಾವಗಡದಲ್ಲೂ ಬಾಡಿಗೆ ಬಂದದ್ದು ಭೂಮಿ ಇದ್ದವರಿಗೆ, ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವರಿಗಲ್ಲ. ಹಾಗಾಗಿ ಚಿಗರಿಯ ಲಾವಣಿಗಿಂತ ಮೊದಲು ಮನುಷ್ಯನ ಲಾವಣಿ ಕಾಗದಕ್ಕೆ ಬರಬೇಕು. ಒಡೆಯನ ಹೆದರಿಕೆ ಏನು? ಹೆಸರು ಬರೆದರೆ 1974ರಂತೆ ಹೊಲವೇ ಹೋದೀತು ಎಂದು. ಆಂಧ್ರಪ್ರದೇಶ 2019ರಲ್ಲಿ ಆ ಹೆದರಿಕೆಗೆ ಉತ್ತರ ಬರೆಯಿತು: 11 ತಿಂಗಳ ಒಪ್ಪಂದ, ಬೆಳೆಯ ಮೇಲೆ ಮಾತ್ರ ಹಕ್ಕು, ಒಡೆತನಕ್ಕೆ ಧಕ್ಕೆಯಿಲ್ಲ, ಗೇಣಿದಾರನ ಕೈಗೊಂದು ಕಾರ್ಡು. ಆ ಕಾರ್ಡಿಗೂ ಒಡೆಯನ ಸಹಿ ಬೇಕು, ಸಹಿ ಹಾಕಲು ಒಲ್ಲದವರು ಅಲ್ಲೂ ಇದ್ದಾರೆ, ಒಪ್ಪೋಣ. ಆದರೆ ಅಲ್ಲಿ ಕೇಳಲು ಒಂದು ಕಾಗದವಾದರೂ ಇದೆ. ನಮ್ಮ ಕ್ಯಾಂಪುಗಳಿಗೆ ಆಂಧ್ರದಿಂದ ಬೀಜ, ಯಂತ್ರ, ಬೇಸಾಯದ ಪದ್ಧತಿ ಎಲ್ಲವೂ ಬಂದಿತು. ಈ ಕಾರ್ಡೊಂದು ಕೃಷ್ಣೆ ದಾಟಲಿಲ್ಲ. ಕಾಲಂ 12ರಲ್ಲಿ—

ಚಿಗರಿ: ಆಯ್ತರೀ, ಆಯ್ತು. ಬರೀರಿ ನಿಮ್ಮ ಕಾಲಂ 12ರಾಗ ಅವನ ಹೆಸರು. ನನಗ ಅವನ ಮ್ಯಾಲ ಸಿಟ್ಟಿಲ್ಲ. ಅವನ ಕವಣಿಗಿ ಗುರಿನೇ ಇರೂದಿಲ್ಲ. ಕರಾರಿಗಿ ನಂದೂ ಗೊರಸಿನ ಒತ್ತು ಬೇಕಾದ್ರ ಹಾಕ್ತೀನಿ. ಆದ್ರ ಒಂದು ಷರತ್ತು ಮೊದಲ ಬರಕೋರಿ.

ಪ್ರಶ್ನೆ: ಹೇಳಿ.

ಚಿಗರಿ: ಈ ಹೊಲದಾಗ ಚೀತಾಕ್ಕ ಒಳಲಾವಣಿ ಕೊಡಬಾರದು.